ಎರಡೂ ಕೈಯಿಂದ ತುಂಬಿದ ಉಡಿ

ಯಾದಗಿರಿ ಟೇಷನ್ನಿನಿಂದ ಕೃಷ್ಣಾ ಹೊಳೆ ಒಂದು ಸಣ್ಣ ನಿದ್ದೆಯಷ್ಟು ದೂರ. ಮೈಲಿಯ ಲೆಕ್ಕ ಮಲ್ಲಿಕಮ್ಮನಿಗೆ ಗೊತ್ತಿಲ್ಲ. ಮುಂಬಯಿ ಕಡೆಯಿಂದ ಓಡಿ ಬಂದು ತಮಿಳರ ನಾಡಿಗೆ ಹೋಗುವ ಉದ್ದನೆಯ ಗಾಡಿ ಮುಂಜಾನೆ ಯಾದಗಿರಿಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಹತ್ತಿ ಕೂತು, ಬುತ್ತಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಸರಳಿಗೆ ತಲೆಯಾನಿಸಿದರೆ ಕಣ್ಣು ತಾವಾಗಿಯೇ ಮುಚ್ಚುತ್ತವೆ. ಸೈದಾಪುರ ಅರೆನಿದ್ದೆಯಲ್ಲೇ ಬಂದು ಹೋಗುತ್ತದೆ. ಆಮೇಲೆ ಗಾಲಿಗಳ ಸದ್ದು ಬದಲಾಗುತ್ತದೆ. ನೆಲದ ಮೇಲೆ ಗಟಗಟ ಎನ್ನುತ್ತಿದ್ದ ಗಾಡಿ ಒಮ್ಮೆಲೇ ಬರಿದಾದ ಕೊಡದ ಹಾಗೆ ಗುಂಯ್ ಎನ್ನುತ್ತದೆ. ಆ ಸದ್ದಿಗೆ ಮಲ್ಲಿಕಮ್ಮನಿಗೆ ಎಚ್ಚರವಾಗುತ್ತದೆ. ಕೆಳಗೆ ಅವಳ ತವರಿನ ಹೊಳೆ.

ತವರು ಅಲ್ಲೇನೂ ಇಲ್ಲ. ಅದು ಸುರಪುರದಾಚೆ, ನಾರಾಯಣಪುರ ಡ್ಯಾಮಿನ ಕೆಳಗಿನ ದಂಡೆಯ ಮೇಲೊಂದು ಸಣ್ಣ ಊರು. ಮದುವೆಯಾಗಿ ಮುದನಾಳಕ್ಕೆ ಬಂದು ಮೂವತ್ತಾರು ವರ್ಷವಾಯಿತು. ಅಲ್ಲಿ ತಾನು ಕಾಲು ತೊಳೆದು ಬಿಟ್ಟು ಬಂದ ನೀರು ತನಗಿಂತ ಮೊದಲೇ ಹೊರಟು, ಈ ಸೇತುವೆಯ ಕೆಳಗೆ ಬಂದು ದಾರಿ ನೋಡುತ್ತಾ ಮಲಗಿರುತ್ತದೆ ಎಂದು ಅವಳು ನಂಬಿದ್ದಾಳೆ. ನಂಬಿದವರಿಗೆ ನೀರು ಹಾಗೆಯೇ ಕಾಣುತ್ತದೆ.

ಮಲ್ಲಿಕಮ್ಮ ಕೌದಿ ಹೊಲಿಯುವವಳು. ಉಟ್ಟು ಉಟ್ಟು ಮೆತ್ತಗಾದ ಸೀರೆಗಳನ್ನು ಪದರ ಪದರ ಹಾಸಿ, ಅಂಚಿನಿಂದ ನಡುವಿಗೆ ಸುತ್ತಿ ಬರುವ ಹಾಗೆ ಸೂಜಿ ಓಡಿಸುತ್ತಾಳೆ. ವರ್ಷಕ್ಕೆರಡು ಸಲ ಆದವಾನಿಯಲ್ಲಿರುವ ತಂಗಿ ಲಕ್ಷ್ಮಿಯ ಮನೆಗೆ ಹೋಗುತ್ತಾಳೆ. ಅಲ್ಲಿಯ ಓಣಿಯಲ್ಲಿ ಕೂಸು ಹುಟ್ಟಿದ ಮನೆಗಳವರು ಅವಳ ಕೌದಿಗೆ ಕಾಯುತ್ತಿರುತ್ತಾರೆ. ಗಂಡ ಸಾಬಣ್ಣ ಹೆಚ್ಚು ಮಾತಿನವನಲ್ಲ. ಮಗ ಬಸವಕುಮಾರ ಯಾದಗಿರಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಸೊಸೆ ಸೌಭಾಗ್ಯ ವನದುರ್ಗದ ಶಾಂತಪ್ಪನವರ ಮಗಳು. ಮಲ್ಲಿಕಮ್ಮನ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸುವುದು ಅವಳೇ. ಮುಂಜಾನೆ ಇಪ್ಪತ್ತು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟೇ ಅವಳು ಒಲೆ ಹಚ್ಚುವುದು.

ಮದುವೆಯಾಗಿ ಆರು ವರ್ಷವಾದರೂ ಸೌಭಾಗ್ಯಳಿಗೆ ಮಕ್ಕಳಿರಲಿಲ್ಲ. ಮಲ್ಲಿಕಮ್ಮ ಊರವರ ಕೂಸುಗಳಿಗೆಲ್ಲ ಕೌದಿ ಹೊಲಿಯುವಾಗ ಸೊಸೆ ದಾರ ಪೋಣಿಸಿ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು.

ಹೋದ ವರ್ಷ ಆದವಾನಿಯಿಂದ ಮರಳುವಾಗ ಮಲ್ಲಿಕಮ್ಮನಿಗೆ ಗಾಡಿಯಲ್ಲಿ ಜೊಂಪು ಹತ್ತಿತು. ಎದುರಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಬಂದು ಕೂತಿದ್ದಳು. ಹಸಿರು ಸೀರೆ, ಸೆರಗಿನಿಂದ ಹನಿ ಹನಿ ನೀರು. ಕೇಳದೆಯೇ ಮಲ್ಲಿಕಮ್ಮನ ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿಕೊಂಡು, ತವರಿಗೆ ಬಂದ ಮಗಳ ಹಾಗೆ ಉಂಡಳು. ಉಂಡು ಮುಗಿದ ಮೇಲೆ, ಇನ್ನೇನು ಬೇಕು ಹೇಳು ಎನ್ನುವಂತೆ ನೋಡಿದಳು. ಅಷ್ಟರಲ್ಲಿ ಗಾಡಿ ಗುಂಯ್ ಎಂದಿತು. ಕಣ್ಣು ಬಿಟ್ಟರೆ ಸೀಟು ಬರಿದಾಗಿತ್ತು. ಕೆಳಗೆ ಹೊಳೆ ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು. ದೂರದಲ್ಲಿ ಶಕ್ತಿನಗರದ ಚಿಮಣಿಗಳು ಹೊಗೆ ಬಿಡುತ್ತಿದ್ದವು. ಮಲ್ಲಿಕಮ್ಮ ಅಲ್ಲೇ ಕೈಮುಗಿದಳು.

“ಯವ್ವಾ, ನನ್ನ ಸೊಸಿ ಹೊಟ್ಟಿ ತುಂಬಸು. ಐದು ತಿಂಗಳಾಗತ್ಲೇ ಇದೇ ಜಾಗಕ್ಕ ಬಂದು ನಿನ್ನ ಉಡಿ ತುಂಬ್ತೇನಿ.”

ಹೊಳೆಗೆ ಉಡಿ ತುಂಬುವುದೆಂದರೆ ತವರಿಗೆ ಬಂದ ಹೆಣ್ಣುಮಗಳ ಮಡಿಲು ತುಂಬಿದ ಹಾಗೆ. ಕುಬಸಕ್ಕೆಂದು ಕೊಡುವ ಬಟ್ಟೆಯ ಕಣ, ಅಕ್ಕಿ, ಅರಿಶಿಣದ ಕೊನೆ, ಕೊಬ್ಬರಿ ಬಟ್ಟಲು, ಬಳೆ. ಮಲ್ಲಿಕಮ್ಮನ ತಾಯಿ ಅದಕ್ಕೆ ಎರಡು ಕಟ್ಟಳೆ ಹೇಳಿಕೊಟ್ಟಿದ್ದಳು. ಒಂದು, ಉಡಿಯನ್ನು ಎರಡೂ ಕೈಯಿಂದ ಕೊಡಬೇಕು. ಒಂದೇ ಕೈಯಿಂದ ಕೊಟ್ಟರೆ ಅದು ಎಸೆದಂತೆ. ಇನ್ನೊಂದು, ಮಕ್ಕಳಿಗಾಗಿ ಬೇಡಿಕೊಂಡ ಹರಕೆಯನ್ನು ಕೂಸು ತೊಟ್ಟಿಲಿಗೆ ಬರುವತನಕ ಯಾರ ಮುಂದೆಯೂ ಬಾಯಿಬಿಡಬಾರದು. ಬಿಟ್ಟರೆ ಕೂಸಿಗೆ ಒಳ್ಳೆಯದಲ್ಲ.

ಈ ವರ್ಷ ಸೌಭಾಗ್ಯ ಬಸುರಿಯಾದಳು. ಐದನೆಯ ತಿಂಗಳು ಬಂತು. ಮಲ್ಲಿಕಮ್ಮ ಆದವಾನಿಗೆಂದು ಹೊರಟಳು.

ಆ ದಿನ ಗಾಡಿಯ ಡಬ್ಬಿಯಲ್ಲಿ ಜೊತೆಗೆ ಸಿಕ್ಕವಳು ಯಾದಗಿರಿಯ ಬಳೆಗಾರ್ತಿ ಮದೀನಾಬೀ. ರಾಯಚೂರಿಗೆ ಬಳೆ ತರಲು ಹೊರಟಿದ್ದಳು. ಮುದನಾಳದ ಹೆಂಗಸರ ಕೈಯ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಕೃಷ್ಣಾ ಟೇಷನ್ ದಾಟುತ್ತಲೇ ಮಲ್ಲಿಕಮ್ಮ ಉಡಿಯ ಗಂಟು ಹಿಡಿದು ಎದ್ದಳು.

“ಮದೀನಕ್ಕ, ಬಾಗಲತನಕ ಬಾ. ನನ್ನ ನಡ ಗಟ್ಟಿ ಹಿಡಕೊ.”

“ಯಾಕ ಬೇ? ಎಲ್ಲಿ ಹೊಂಟೀದಿ?”

“ಕೇಳಬ್ಯಾಡ. ಹಿಡಕೊ ಅಂದ್ರ ಹಿಡಕೊ.”

“ಹಿಡದೀನಿ ತಗೊ. ಯಾ ಅಲ್ಲಾ, ನಡ ಎಲ್ಲದ, ಹೊಟ್ಟಿ ಎಲ್ಲದ, ಗೊತ್ತೇ ಆಗವಲ್ದಲ್ಲ ತಾಯಿ!”

ಮದೀನಾಬೀ ಎರಡೂ ತೋಳಿನಿಂದ ಅವಳ ನಡುವನ್ನು ತಬ್ಬಿ ಹಿಂದಕ್ಕೆ ಜಗ್ಗಿ ನಿಂತಳು. ಮಲ್ಲಿಕಮ್ಮ ಬಾಗಿಲ ಸರಳನ್ನು ಹಿಡಿದಿದ್ದ ಕೈಯನ್ನೂ ಬಿಟ್ಟು, ಎರಡೂ ಕೈಯಿಂದ ಗಂಟನ್ನು ಹಣೆಗೊತ್ತಿಕೊಂಡು ಮುಂದೆ ಚಾಚಿದಳು. ಗಂಟು ಗಾಳಿಯಲ್ಲಿ ಬಿಚ್ಚಿಕೊಂಡಿತು. ಅಕ್ಕಿ ಒಂದು ಕ್ಷಣ ಬೆಳಕಾಗಿ ಹಾರಿತು. ಹಸಿರು ಕಣ ಗಿಳಿಯ ಹಾಗೆ ರೆಕ್ಕೆ ಬಿಚ್ಚಿ, ತೇಲಿ, ತಿರುಗಿ, ನೀರಿನ ಮೇಲೆ ಕೂತಿತು. ಮಲ್ಲಿಕಮ್ಮ ನಕ್ಕಳು. ಮದೀನಾಬೀ ಏನೂ ಕೇಳಲಿಲ್ಲ. ಹರಕೆಗಳ ವಿಷಯದಲ್ಲಿ ಕೇಳಬಾರದೆಂಬುದು ಅವಳಿಗೂ ಗೊತ್ತು.

ಹಿಂದೆ ಮೇಲಿನ ಬರ್ತಿನಲ್ಲಿ ಮಲಗಿದ್ದ ಯಾರೋ ದೂರದೂರಿನ ಪ್ರಯಾಣಿಕ ಮೊಬೈಲು ಹಿಡಿದಿದ್ದ. ಹನ್ನೊಂದು ಸೆಕೆಂಡಿನ ವಿಡಿಯೋ. ಅದರಲ್ಲಿ ಕಾಣುವುದು ಎರಡು ಬೆನ್ನು. ಒಬ್ಬಳು ಕೈಬಿಟ್ಟು ಮುಂದಕ್ಕೆ ಬಾಗುತ್ತಾಳೆ, ಇನ್ನೊಬ್ಬಳು ತಬ್ಬಿ ಹಿಂದಕ್ಕೆ ಜಗ್ಗುತ್ತಾಳೆ. ಗಂಟೂ ಇಲ್ಲ, ಅಕ್ಕಿಯೂ ಇಲ್ಲ, ಗಿಳಿಯಂಥ ಕಣವೂ ಇಲ್ಲ.

ಮಧ್ಯಾಹ್ನ ಆದವಾನಿಯಲ್ಲಿ ಊಟಕ್ಕೆ ಕೂತಾಗ ಲಕ್ಷ್ಮಿಯ ಮೊಬೈಲು ಟಿಂಗ್ ಎಂದಿತು.

“ಅಕ್ಕಾ, ನೀ ಹೊಳಿಗಿ ಹಾರೀಯಂತ?”

“ಯಾವಾಗ?”

“ಇವತ್ತ ಮುಂಜಾನಿ.”

“ಮುಂಜಾನಿ ನಾ ಗಾಡ್ಯಾಗ ಇದ್ನೆಲ್ಲ,” ಎಂದು ಮಲ್ಲಿಕಮ್ಮ ಇನ್ನೊಂದು ತುತ್ತು ಕಲೆಸಿದಳು.

ಯಾದಗಿರಿಯಲ್ಲೊಂದು ಮೊಬೈಲು ಸುದ್ದಿವಾಹಿನಿ ಇತ್ತು. ಅದರ ಹೆಸರು ಇಲ್ಲಿ ಬೇಡ. ಹಿಂದೆ ಎದೆ ನಡುಗಿಸುವ ಸಂಗೀತ ಹಚ್ಚಿ ಅವರು ಹೀಗೆ ಹೇಳಿದ್ದರು: ‘ಸೊಸೆಯ ಕಾಟ ತಾಳದೆ ಚಲಿಸುವ ರೈಲಿನಿಂದ ಭೀಮಾ ನದಿಗೆ ಹಾರಲು ಯತ್ನಿಸಿದ ವೃದ್ಧೆ. ಸಹಪ್ರಯಾಣಿಕಳ ಸಮಯಪ್ರಜ್ಞೆಯಿಂದ ಉಳಿಯಿತು ಜೀವ. ಅರ್ಧ ತಾಸು ನಿಂತ ರೈಲು, ಪ್ರಯಾಣಿಕರ ಪರದಾಟ.’

ಗಾಡಿ ಅರೆಗಳಿಗೆಯೂ ನಿಂತಿರಲಿಲ್ಲ. ಹೊಳೆ ಭೀಮೆಯಲ್ಲ, ಯಾದಗಿರಿಯಿಂದ ಆದವಾನಿಯ ದಾರಿಯಲ್ಲಿ ಗಾಡಿ ಭೀಮೆಯನ್ನು ದಾಟುವುದೇ ಇಲ್ಲ. ತೋರಿಸಿದ ರೈಲಿನ ಚಿತ್ರ ಬೇರೆ ಯಾವುದೋ ಸೀಮೆಯದು, ಅದರ ಹಿಂದೆ ತೆಂಗಿನ ತೋಟಗಳಿದ್ದವು. ಮಧ್ಯಾಹ್ನದೊಳಗೇ ಯಾರೋ ಸೀರೆ ಗುರುತು ಹಿಡಿದು ಕೆಳಗೆ ಬರೆದರು: ‘ಇವರು ಮುದನಾಳದ ಮಲ್ಲಿಕಮ್ಮ.’ ಮರುದಿನ ಊರಿನ ಹೆಸರು ಸೇರಿಸಿ ಒಂದು ಪತ್ರಿಕೆಯಲ್ಲೂ ಅದೇ ಸುದ್ದಿ ಬಂತು. ವಿಡಿಯೋ ನೋಡಿದವರು ನಾಲ್ಕು ಲಕ್ಷ.

ಮುದನಾಳಕ್ಕೆ ಮರಳಿದಾಗ ಸಾಬಣ್ಣ ಪಡಸಾಲೆಯಲ್ಲಿ ಕೂತಿದ್ದ. “ಐವತ್ತಾರಕ್ಕ ನಿನ್ನ ವೃದ್ಧೆ ಮಾಡ್ಯಾರ,” ಎಂದ. ಅವನ ಮಟ್ಟಿಗೆ ಅದು ದೊಡ್ಡ ಮಾತು.

ಸೌಭಾಗ್ಯ ಒಳಗಿನಿಂದ ನೀರು ತಂದು ಕೊಟ್ಟಳು. ಅವಳ ಕಣ್ಣು ಕೆಂಪಾಗಿದ್ದವು.

“ಅತ್ತಿ, ನೀವು ಹಾರಾಕ ಹೋಗಿಲ್ಲಂತ ನಂಗ ಗೊತ್ತದ. ಖರೇ ಹೇಳ್ರಿ, ಬಾಗಲಕ್ಕ ಯಾಕ ಹೋಗಿದ್ರಿ?”

“ಗಾಳಿಗಿ ಹೋಗಿದ್ದೆವ್ವ.”

“ಎರಡೂ ಕೈ ಬಿಟ್ಟು ಗಾಳಿ ತಗೊಂತಾರೇನ್ರಿ?”

ಮಲ್ಲಿಕಮ್ಮ ಸೊಸೆಯ ಹೊಟ್ಟೆ ನೋಡಿದಳು. ಐದು ತಿಂಗಳು. ತೊಟ್ಟಿಲಿಗೆ ಇನ್ನೂ ನಾಲ್ಕು. ನಾಲಿಗೆಯ ತುದಿಗೆ ಬಂದ ಮಾತನ್ನು ನೀರಿನ ಜೊತೆ ನುಂಗಿದಳು.

ಆ ನುಂಗಿದ ಮಾತೇ ಮನೆ ತುಂಬ ಹಬ್ಬಿತು. ನಳದ ಹತ್ತಿರ ಹೆಂಗಸರು ಸೌಭಾಗ್ಯಳಿಗೆ ದಾರಿ ಬಿಟ್ಟು ನಿಲ್ಲತೊಡಗಿದರು. ಆ ದಾರಿ ಬಿಡುವುದರಲ್ಲೇ ಎಲ್ಲ ಇತ್ತು. ಭೀಮಾಬಾಯಿ ಎನ್ನುವವಳು, “ಪಾಪ, ಅತ್ತಿ ಬಾಯಿ ಇಲ್ಲದಾಕಿ,” ಎಂದು ಕೊಡಕ್ಕೆ ಹೇಳಿದ ಹಾಗೆ ಹೇಳಿದಳು. ಕಂಡು ಕೇಳರಿಯದ ಊರುಗಳಿಂದ ಜನ ಮೊಬೈಲಿನಲ್ಲಿ ಸೌಭಾಗ್ಯಳನ್ನು ಬೈದರು, ಇಂಥ ಸೊಸೆಯನ್ನೇ ಹೊಳೆಗೆ ನೂಕಬೇಕು ಎಂದು ಒಬ್ಬರು ಬರೆದರು. ಅವಳು ಒಂದೊಂದನ್ನೂ ಓದಿದಳು. ಬಸವಕುಮಾರ ಮೊಬೈಲು ಕಸಿದುಕೊಂಡು ಎತ್ತಿಟ್ಟ, ಆದರೆ ಓದಿದ್ದು ಹೋಗಲಿಲ್ಲ. ನಾಲ್ಕನೆಯ ದಿನ ಶಾಂತಪ್ಪನವರು ಬಂದು ಮಗಳನ್ನು ವನದುರ್ಗಕ್ಕೆ ಕರೆದುಕೊಂಡು ಹೋದರು. ಹೋಗುವಾಗಲೂ ಸೌಭಾಗ್ಯ ಇಪ್ಪತ್ತು ಸೂಜಿಗೆ ದಾರ ಪೋಣಿಸಿಟ್ಟಿದ್ದಳು. ಹೋಗಿಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಇತ್ತ ಯಾದಗಿರಿಯಲ್ಲಿ ಮದೀನಾಬೀ ಧೀರ ಮಹಿಳೆಯಾಗಿದ್ದಳು. ಬಳೆ ಇಡಿಸಿಕೊಳ್ಳುವ ನೆಪದಲ್ಲಿ ಜನ ಅವಳನ್ನು ನೋಡಲು ಬರುತ್ತಿದ್ದರು. ಮಲ್ಲಿಕಮ್ಮ ಬಂದು ಸೊಸೆ ತವರಿಗೆ ಹೋದ ಸುದ್ದಿ ಹೇಳಿದಾಗ ಅವಳು ಬಳೆ ಮಲಾರ ಬದಿಗಿಟ್ಟು ಎದ್ದಳು.

“ನಡಿ. ಆ ಸುದ್ದಿಯವನ ಮುಂದ ನಾನೇ ಹೇಳ್ತೀನಿ. ನಾ ಯಾರ ಜೀವಾನೂ ಉಳಿಸಿಲ್ಲ, ನಿನ್ನ ನಡ ಹಿಡದು ನಂದೇ ಭುಜ ಇಳದಾದ.”

ಸುದ್ದಿವಾಹಿನಿಯ ಆಫೀಸು ಒಂದು ಮೊಬೈಲು ಅಂಗಡಿಯ ಮಾಳಿಗೆ ಮೇಲಿತ್ತು. ಚೇತನಕುಮಾರನೆಂಬ ಹುಡುಗ ಮೂರು ಫೋನು ಮುಂದಿಟ್ಟುಕೊಂಡು ಕೂತಿದ್ದ. ಕೆಟ್ಟವನಲ್ಲ. ಇಬ್ಬರಿಗೂ ಕುರ್ಚಿ ಕೊಟ್ಟ, ಚಹಾ ತರಿಸಿದ.

“ನನ್ನ ಸೊಸಿ ಕಾಟ ಕೊಡ್ತಾಳಂತ ಯಾರು ಹೇಳ್ಯಾರಪ್ಪಾ ನಿನಗ?” ಎಂದು ಮಲ್ಲಿಕಮ್ಮ ಕೇಳಿದಳು.

“ಯಾರೂ ಹೇಳಿಲ್ರಿ ಅಮ್ಮಾ. ಆ ವಯಸ್ಸಿನ ಹೆಂಗಸರು ಹಾರ್ತಾರಂದ್ರ ಮನ್ಯಾಗ ಸೊಸಿ ಕಾಟ ಇದ್ದೇ ಇರ್ತದ್ರಿ. ವಿಡಿಯೋ ಬಂದು ಹತ್ತು ನಿಮಿಷಕ್ಕ ಹಾಕಬೇಕಾಗಿತ್ತು. ತಡಾ ಮಾಡಿದ್ರ ಬ್ಯಾರೆದವ್ರು ಹಾಕ್ತಾರ.”

“ಹೊಳಿ ಹೆಸರೂ ತಪ್ಪು ಹಾಕೀದಿ.”

“ಹೊಳಿ ಯಾವುದಾದ್ರೇನ್ರಿ, ನೀರು ನೀರೇ.”

ಮದೀನಾಬೀ ತಲೆಯ ಮೇಲೆ ಕೈಯಿಟ್ಟುಕೊಂಡಳು. “ತೌಬಾ! ನಿಮ್ಮವ್ವ ಯಾರಾದ್ರೇನು, ಹೆಂಗಸು ಹೆಂಗಸೇ ಅಂದಂಗಾಯ್ತಲ್ಲೋ!”

ಹುಡುಗನಿಗೆ ನಗು ಬಂತು, ಆಮೇಲೆ ನಾಚಿಕೆಯೂ ಬಂತು. ಒಂದು ಫೋನನ್ನು ಮಲ್ಲಿಕಮ್ಮನ ಮುಖಕ್ಕೆ ಹಿಡಿದ. “ಆಯ್ತ್ರಿ ಅಮ್ಮಾ, ನೀವೇ ಹೇಳಿಬಿಡ್ರಿ. ಬಾಗಲಕ್ಕ ಯಾಕ ಹೋಗಿದ್ರಿ? ಈಗೇ ಹಾಕ್ತೇನಿ.”

ಫೋನಿನ ಕರಿಯ ಕಣ್ಣು ಅವಳನ್ನೇ ನೋಡಿತು. ಮಲ್ಲಿಕಮ್ಮನ ತುಟಿ ತೆರೆಯಿತು. ತಾಯಿಯ ಮಾತು ನೆನಪಾಯಿತು. ತುಟಿ ಮುಚ್ಚಿತು. ಇನ್ನೊಬ್ಬರ ಹರಕೆಯ ಗಂಟಿನ ಮಾತು ತನ್ನ ಬಾಯಿಂದ ಬರಬಾರದೆಂದು ಮದೀನಾಬೀಯೂ ಚಹಾದ ಕಪ್ಪು ಎತ್ತಿಕೊಂಡಳು.

“ಏನೂ ಹೇಳಲಿಲ್ಲಂದ್ರ ನಾ ಏನ ಹಾಕಲ್ರಿ?” ಎಂದ ಅವನು. ಅದು ಮಾತ್ರ ನ್ಯಾಯವಾದ ಮಾತಾಗಿತ್ತು.

ಅಲ್ಲಿಂದಲೇ ಇಬ್ಬರೂ ವನದುರ್ಗಕ್ಕೆಂದು ಶಹಾಪುರದ ಬಸ್ಸು ಹತ್ತಿದರು. ಏನು ಹೇಳಬೇಕೆಂದು ಮಲ್ಲಿಕಮ್ಮನಿಗೆ ತಿಳಿದಿರಲಿಲ್ಲ, ಸೊಸೆಯ ಮುಖ ನೋಡಬೇಕೆಂದಷ್ಟೇ ತಿಳಿದಿತ್ತು. ಹತ್ತಿ ಹೊಲಗಳು ಕಿಟಕಿಯಲ್ಲಿ ತಿರುಗುತ್ತಾ ಹೋದವು. ಮದೀನಾಬೀ ಬಿಸಿಲಿಗೆ ಅಡ್ಡವಾಗಿ ತನ್ನ ಸೆರಗನ್ನು ಕಿಟಕಿಗೆ ಹಿಡಿದಳು. ಆ ನೆರಳಿನಲ್ಲಿ ಮಲ್ಲಿಕಮ್ಮನಿಗೆ ಕಣ್ಣು ಹತ್ತಿತು.

ಗಾಡಿ ಸೇತುವೆಯ ಮೇಲಿತ್ತು. ಸೇತುವೆಗೆ ಕೊನೆಯೇ ಇರಲಿಲ್ಲ. ನೀರು ಕೌದಿಯ ಹಾಗೆ ಚೌಕ ಚೌಕವಾಗಿ ಹಾಸಿತ್ತು, ಒಂದು ಚೌಕ ಹಸಿರು, ಒಂದು ಬೆಳ್ಳಿ, ಒಂದು ಮಣ್ಣಿನ ಬಣ್ಣ. ಬಾಗಿಲಲ್ಲಿ ಸೌಭಾಗ್ಯ ನಿಂತಿದ್ದಳು. ಬೆನ್ನಷ್ಟೇ ಕಾಣುತ್ತಿತ್ತು. ಅವಳು ಮೆಲ್ಲಗೆ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದು ಕೈ ಬಿಟ್ಟಳು. ಅವಳ ನಡು ಹಿಡಿಯಲು ಯಾರೂ ಇರಲಿಲ್ಲ. ‘ಭಾಗ್ಯಾ’ ಎಂದು ಕೂಗಲು ಮಲ್ಲಿಕಮ್ಮ ಬಾಯಿ ತೆರೆಯಹೋದಳು. ತುಟಿ ತೆರೆಯಲಿಲ್ಲ. ಮುಟ್ಟಿ ನೋಡಿಕೊಂಡರೆ ಎರಡೂ ತುಟಿ ಹೊಲಿದಿದ್ದವು. ಅವಳದೇ ಹೊಲಿಗೆ, ಸಣ್ಣ, ಬಿಗಿಯಾದ, ಒಂದೂ ತಪ್ಪದ ಹೊಲಿಗೆ.

ಬಸ್ಸು ಕುಲುಕಿ ಎಚ್ಚರವಾಯಿತು. ಎದುರಿಗೆ ಶಹಾಪುರದ ಗುಡ್ಡ ಮಲಗಿದ ಬುದ್ಧನಾಗಿ, ಯಾರ ಗೊಡವೆಯೂ ಇಲ್ಲದೆ, ಆಕಾಶಕ್ಕೆ ಮುಖ ಮಾಡಿ ಮಲಗಿತ್ತು. ಮಲ್ಲಿಕಮ್ಮ ತುಟಿ ಸವರಿಕೊಂಡಳು.

“ಏನಾಯ್ತೇ?” ಎಂದಳು ಮದೀನಾಬೀ.

“ಹೇಳಬೇಕಕ್ಕ. ಹೇಳಲಿಲ್ಲಂದ್ರ ಆಕಿ ಬೀಳ್ತಾಳ.”

ವನದುರ್ಗದಲ್ಲಿ ಶಾಂತಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಊರ ಮೇಲೆ ಹಳೆಯ ಕೋಟೆಯ ನೆರಳು ಇಳಿಯುತ್ತಿತ್ತು. “ಬರ್ರಿ ಬೀಗತೆರ,” ಎಂದರು, ಎದ್ದು ನಿಂತರು, ನೀರು ಕೊಡಿಸಿದರು. ಮರ್ಯಾದೆ ಎಲ್ಲವೂ ಇತ್ತು, ಮುಖದಲ್ಲಿ ನಗು ಮಾತ್ರ ಇರಲಿಲ್ಲ. ಅಂಗಿಯ ಜೇಬಿನಿಂದ ಪತ್ರಿಕೆಯ ತುಂಡೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟರು.

“ನನ್ನ ಮಗಳು ನಿಮಗ ಏನು ಕಾಟ ಕೊಟ್ಟಾಳ, ನನ್ನ ಮುಂದ ಹೇಳಿಬಿಡ್ರಿ. ತಪ್ಪಿದ್ರ ನಾನೇ ಬುದ್ಧಿ ಹೇಳ್ತೇನಿ. ತಪ್ಪಿಲ್ಲಂದ್ರ ಈ ಕಾಗದಕ್ಕ ಏನ ಉತ್ತರ ಕೊಡ್ತೀರಿ?”

ಸೌಭಾಗ್ಯ ಬಾಗಿಲೊಳಗೆ ಶೇಂಗಾ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ಮಲ್ಲಿಕಮ್ಮ ಹೊಸ್ತಿಲು ದಾಟಿ ಅವಳ ಎದುರು ನೆಲದ ಮೇಲೆ ಕೂತಳು.

“ಯವ್ವಾ, ನಾ ಹೊಳಿಗಿ ಉಡಿ ತುಂಬಾಕ ಹೋಗಿದ್ದೆ. ನಿನ್ನ ಸಲುವಾಗಿ ಬೇಡಿಕೊಂಡಿದ್ದೆ, ಹ್ವಾದ ವರ್ಷ, ಅದೇ ಹೊಳಿ ದಾಟೋ ಪೂಲಿನ ಮ್ಯಾಲ. ಉಡಿ ಒಂದು ಕೈಲೆ ಕೊಡಬಾರದು, ಅದಕ್ಕ ಎರಡೂ ಕೈ ಬಿಟ್ಟೆ. ಕೂಸು ತೊಟ್ಟಲಕ್ಕ ಬರೋತನಕ ಹೇಳಬಾರದಂತ ನಮ್ಮವ್ವ ಹೇಳಿದ್ಲು, ಅದಕ್ಕ ಬಾಯಿ ಮುಚ್ಚಿದ್ದೆ. ಈಗ ಹೇಳೇನಿ. ಕೂಸಿಗಿ ಏನಾರ ಆದ್ರ ಆ ಪಾಪ ನಂದು.”

ಶೇಂಗಾ ಸಿಪ್ಪೆಯ ಸದ್ದು ನಿಂತಿತು. ಹೊರಗೆ ಕಟ್ಟೆಯ ಮೇಲೆ ಶಾಂತಪ್ಪನವರು ಕೆಮ್ಮಿದರು, ಆ ಕೆಮ್ಮಿಗೆ ನೆಗಡಿ ಕಾರಣವಾಗಿರಲಿಲ್ಲ.

ಸೌಭಾಗ್ಯ ಶೇಂಗಾ ಪಕ್ಕಕ್ಕೆ ಸರಿಸಿದಳು. ಆಮೇಲೆ ಒಮ್ಮೆಲೇ ಸಿಟ್ಟಾದಳು.

“ನಿಮಗ ಬುದ್ಧಿ ಅದ ಏನ್ರಿ ಅತ್ತಿ? ಓಡೋ ಗಾಡ್ಯಾಗ ಎರಡೂ ಕೈ ಬಿಡ್ತಾರೇನು? ಕಾಲು ಜಾರಿದ್ರ? ನನ್ನ ಕೂಸಿಗಿ ಕೌದಿ ಯಾರು ಹೊಲೀತಿದ್ರು? ಹೊಳಿ ಹೊಲೀತಿತ್ತೇನು?”

“ನಾ ಹಿಡಕೊಂಡಿದ್ದೆ ಬೇಟಿ,” ಎಂದಳು ಮದೀನಾಬೀ.

“ನೀವು ಸುಮ್ನಿರ್ರಿ ಚಾಚಿ! ನೀವು ಹಿಡಕೊಂಡಿದ್ದಕ್ಕೇ ಅದು ಹಾರಿದಂಗ ಕಾಣ್ತದ!”

ಬೈದು ಬೈದು ಅವಳ ದನಿ ಒಡೆಯಿತು. ಅಳುತ್ತಲೇ ಅತ್ತೆಯ ಕೈ ಹಿಡಿದೆಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಮಲ್ಲಿಕಮ್ಮ ಕೈ ಹಿಂದಕ್ಕೆ ತೆಗೆಯಹೋದಳು, ಸೊಸೆ ಬಿಡಲಿಲ್ಲ. ಅಂಗೈಯ ಕೆಳಗೆ, ತಿಳಿನೀರಿನಲ್ಲಿ ಸಣ್ಣ ಮೀನು ಮಗ್ಗುಲು ತಿರುಗಿದ ಹಾಗೆ, ಏನೋ ಒಂದು ಸಲ ಮಿಸುಕಿತು. ನಿಂತಿತು. ಮತ್ತೆ ಮಿಸುಕಿತು.

“ನೋಡ್ರಿ,” ಎಂದಳು ಸೌಭಾಗ್ಯ, “ಹೇಳಿದ್ರ ಏನೂ ಆಗಿಲ್ಲ. ಇಷ್ಟು ದಿನಾ ಸುಮ್ನಿತ್ತು, ಇವತ್ತೇ ಆಡಾಕತ್ತದ.”

ಶಾಂತಪ್ಪನವರು ಪತ್ರಿಕೆಯ ತುಂಡನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿ ಒಲೆಗೆ ಹಾಕಿ ಬಂದರು. “ಇರ್ಲಿ ಬಿಡ್ರಿ ಬೀಗತೆರ. ಉಂಡು ಹೋಗ್ರಿ,” ಎಂದರು. ಆಮೇಲೆ ಮಗಳ ಕಡೆ ತಿರುಗಿ, “ಸುದ್ದಿಯವ್ರಿಗಿ ಹೇಳಿ ತಪ್ಪಾತಂತ ಬರಸೂನೇನು?” ಎಂದು ಕೇಳಿದರು.

“ಬ್ಯಾಡಪ್ಪಾ,” ಎಂದಳು ಸೌಭಾಗ್ಯ. “ಇದು ಅತ್ತಿ ನಂಗ ಹೇಳಿದ ಮಾತು. ಹಿಂದ ಬಾಜಾ ಹಚ್ಚಿ ಅದನ್ನೂ ಕೆಡಸ್ತಾರ.”

ಮರುದಿನ ಮುಂಜಾನೆ ಅತ್ತೆ ಸೊಸೆ ಮುದನಾಳಕ್ಕೆ ಮರಳಿದರು. ಸೌಭಾಗ್ಯ ಹಿಂದಿನ ಸಂದಿಯಲ್ಲಿ ಹೋಗಲಿಲ್ಲ, ನಳದ ಮುಂದಿನ ದೊಡ್ಡ ಓಣಿಯಲ್ಲೇ ನಡೆದಳು. ಕೊಡಗಳು ಸುಮ್ಮನಾದವು. ಭೀಮಾಬಾಯಿಗೆ ತಡೆಯಲಾಗಲಿಲ್ಲ.

“ಮತ್ತ ಬಂದೇನವ್ವ ಅತ್ತಿಗಿ ಕಾಟ ಕೊಡಾಕ?”

“ಹೌದ್ರಿ,” ಎಂದಳು ಸೌಭಾಗ್ಯ ನಿಂತು. “ದಿನಾ ಎರಡು ಹೊತ್ತು ಕೊಡ್ತೇನಿ. ಊಟಕ್ಕ ಮೊದ್ಲ ಒಂದ್ಸಲ, ಊಟ ಆದ ಮ್ಯಾಲ ಒಂದ್ಸಲ. ನಿಮಗೂ ಬೇಕಂದ್ರ ಮನಿಗಿ ಬರ್ರಿ.”

ಮೊದಲು ನಕ್ಕವಳು ಭೀಮಾಬಾಯಿಯ ಸ್ವಂತ ಸೊಸೆ. ಆಮೇಲೆ ನಳದ ಸುತ್ತ ಎಲ್ಲರೂ ನಕ್ಕರು.

ವಿಡಿಯೋ ಈಗಲೂ ತಿರುಗುತ್ತಿದೆ. ಎಲ್ಲೆಲ್ಲಿಯವರೋ ನೋಡಿ ಲೊಚಗುಟ್ಟುತ್ತಾರೆ. ಅದನ್ನು ನಿಲ್ಲಿಸುವುದು ಹೇಗೆಂದು ಮುದನಾಳದಲ್ಲಿ ಯಾರಿಗೂ ಗೊತ್ತಿಲ್ಲ.

ಆ ಮುಂಜಾನೆ ಮನೆಯ ಬಾಗಿಲಿಗೆ ಬಂದ ಬಸುರಿಯನ್ನು ಹಾಗೆಯೇ ಒಳಗೆ ಕರೆಯಬಾರದೆಂದು ಮಲ್ಲಿಕಮ್ಮ ದೃಷ್ಟಿ ತೆಗೆಯಲು ಒಂದು ತುಕಡಿ ರೊಟ್ಟಿ, ಒಂದು ತಂಬಿಗೆ ನೀರು ತಂದಳು. ಸೌಭಾಗ್ಯ ಅದನ್ನು ಅವಳ ಕೈಯಿಂದ ಇಸಿದುಕೊಂಡಳು.

“ಮೊದ್ಲ ನೀವು ನಿಂದರ್ರಿ ಅತ್ತಿ. ನಾಕು ಲಕ್ಷ ಮಂದಿ ಕಣ್ಣು ಬಿದ್ದಾದ ನಿಮ್ಮ ಮ್ಯಾಲ. ತುಕಡಿಗಿ ಇಳ್ಯಾಂಗಿಲ್ಲ ಅದು.”

ಒಳಗೆ ಹೋಗಿ ಬುಟ್ಟಿಯಿಂದ ಒಂದು ಇಡೀ ರೊಟ್ಟಿ ತಂದಳು. ಮಲ್ಲಿಕಮ್ಮ ಹೊಸ್ತಿಲ ಹೊರಗೆ ಕಣ್ಣು ಮುಚ್ಚಿ, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ನಿಂತಳು. ಸೌಭಾಗ್ಯ ತಲೆಯಿಂದ ಕಾಲಿನತನಕ ಮೂರು ಸಲ ನಿವಾಳಿಸಿ, ರೊಟ್ಟಿಯನ್ನು ಓಣಿಗೆ ಎಸೆದಳು. ಎಲ್ಲಿಂದಲೋ ಬಂದ ಕೆಂಚು ನಾಯಿ ನಾಲ್ಕು ಲಕ್ಷ ಕಣ್ಣುಗಳನ್ನು ನಾಲ್ಕೇ ಬಾಯಿಗೆ ಮುಗಿಸಿ, ಬಾಲ ಅಲ್ಲಾಡಿಸಿ, ಇನ್ನೂ ಇದೆಯೇ ಎಂದು ನೋಡಿತು.